ಚಳಿಗಿಂತ ತೇವಕ್ಕೆ ಹೆದರಿ

ಚಳಿ ಶುರುವಾಯ್ತು ಅಂದರೆ ಸಾಕು, ಮನೆ ಹಿಂದೆ ಕೋಳಿ ಸಾಕುವ ಸ್ನೇಹಿತರಿಂದ ಒಂದೇ ಥರದ ಪ್ರಶ್ನೆಗಳು ಬರುತ್ತವೆ. ಗೂಡಿಗೆ ಬಲ್ಬ್ ಹಾಕಬೇಕಾ, ಸುತ್ತ ಪ್ಲಾಸ್ಟಿಕ್ ಕಟ್ಟಬೇಕಾ, ಕಿಂಡಿಗಳನ್ನೆಲ್ಲ ಮುಚ್ಚಿಬಿಡಲಾ ಅಂತ. ಪ್ರೀತಿಯಿಂದ ಕೇಳುವ ಪ್ರಶ್ನೆಗಳೇ. ನಮಗೆ ಚಳಿಯಾದರೆ ಕಿಟಕಿ ಹಾಕಿಕೊಂಡು ಹೊದ್ದು ಮಲಗುತ್ತೇವಲ್ಲ, ಕೋಳಿಗೂ ಹಾಗೇ ಮಾಡೋಣ ಅನ್ನಿಸುವುದು ಸಹಜ. ನನ್ನ ಉತ್ತರ ಮಾತ್ರ ಪ್ರತಿ ಸಲವೂ ಅದೇ: ಬಲ್ಬಿನ ಮಾತು ಆಮೇಲೆ, ಮೊದಲು ಗೂಡು ಒಣಗಿದೆಯಾ ನೋಡಿ. ಬೆಳೆದ ಕೋಳಿ ಚಳಿಯನ್ನು ತಡೆದುಕೊಳ್ಳುತ್ತದೆ. ಒದ್ದೆಯನ್ನು ತಡೆದುಕೊಳ್ಳುವುದಿಲ್ಲ.

ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್, ನಮಗಿಂತ ನಾಲ್ಕು ಡಿಗ್ರಿ ಜಾಸ್ತಿ. ಆ ಬಿಸಿಯನ್ನು ಹಿಡಿದಿಡುವುದು ಪುಕ್ಕ. ಚಳಿಯಲ್ಲಿ ಕೋಳಿ ಮೈಯೆಲ್ಲ ಉಬ್ಬಿಸಿಕೊಂಡು ಕೂರುವುದನ್ನು ನೋಡಿರುತ್ತೀರಿ. ಆಗ ಒಳಗಿನ ಮೆತ್ತನೆಯ ಪುಕ್ಕದಲ್ಲಿ ಗಾಳಿ ಸಿಕ್ಕಿಕೊಂಡು ನಿಲ್ಲುತ್ತದೆ, ಮೈ ಬಿಸಿಗೆ ಅದೂ ಬೆಚ್ಚಗಾಗುತ್ತದೆ, ಆ ಬೆಚ್ಚನೆ ಗಾಳಿಯೇ ಅದರ ಹೊದಿಕೆ. ಪುಕ್ಕ ಒದ್ದೆಯಾಗಿ ಮೈಗೆ ಅಂಟಿದರೆ, ಇಲ್ಲವೇ ಕೆಳಗಿನ ಸಂದಿಯಿಂದ ಗಾಳಿ ನೇರವಾಗಿ ನುಗ್ಗಿ ಪುಕ್ಕ ಕೆದರಿದರೆ ಆ ಹೊದಿಕೆ ಹೋಯಿತು. ಆಮೇಲೆ ಎಷ್ಟು ಕಾಳು ಹಾಕಿದರೂ ಅದೆಲ್ಲ ಮೈ ಬಿಸಿ ಮಾಡಿಕೊಳ್ಳುವುದಕ್ಕೇ ಖರ್ಚು.

ಈಗ ತೇವ ಎಲ್ಲಿಂದ ಬರುತ್ತದೆ ಅನ್ನುವುದನ್ನು ನೋಡಿ. ಮಳೆ ಇಲ್ಲ, ಸೂರು ಸೋರುತ್ತಿಲ್ಲ, ಆದರೂ ಬೆಳಗ್ಗೆ ಗೂಡಿನ ಸೂರಿನ ಕೆಳಭಾಗ ಮುಟ್ಟಿದರೆ ಕೈ ಒದ್ದೆ. ಅಷ್ಟೂ ನೀರು ಕೋಳಿಗಳಿಂದಲೇ ಬಂದದ್ದು. ರಾತ್ರಿಯಿಡೀ ಬಿಡುವ ಉಸಿರಿನಲ್ಲಿ ನೀರಿದೆ. ಕೋಳಿಗೆ ಬೇರೆಯಾಗಿ ಮೂತ್ರ ಮಾಡುವುದು ಅಂತ ಇಲ್ಲ, ಎರಡೂ ಒಟ್ಟಿಗೇ ಬರುತ್ತವೆ, ಹಾಗಾಗಿ ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರೇ. ಎಲ್ಲ ಕಿಂಡಿ ಮುಚ್ಚಿದ ಗೂಡಿನಲ್ಲಿ ಈ ನೀರಿಗೆ ಹೋಗಲು ದಾರಿಯಿಲ್ಲ. ತಣ್ಣಗಿರುವ ಸೂರಿಗೆ ತಾಗಿ ಹನಿಯಾಗಿ ಕೋಳಿಗಳ ಮೇಲೇ ಬೀಳುತ್ತದೆ. ನೀರು ಹೆಪ್ಪುಗಟ್ಟುವಷ್ಟು ಚಳಿ ಇರುವ ಕಡೆ ಜುಟ್ಟಿನ ತುದಿ ಕಪ್ಪಾಗಿ ಸಾಯುವುದಕ್ಕೂ ಈ ತೇವ ದೊಡ್ಡ ಕಾರಣ. ದೊಡ್ಡ ಜುಟ್ಟಿನ ಹುಂಜಗಳಿಗೆ ಇದು ಮೊದಲು ತಗಲುತ್ತದೆ.

ಇನ್ನೊಂದು ಅಮೋನಿಯಾ. ಒದ್ದೆ ಹಿಕ್ಕೆ ಕೊಳೆತಾಗ ಬರುವ, ಮೂಗಿಗೆ ಚುರ್ ಅನ್ನುವ ವಾಸನೆ. ಕೋಳಿಯ ಶ್ವಾಸನಾಳದ ಒಳಗೆ ತೀರಾ ಸಣ್ಣ ಕೂದಲಿನಂಥ ಎಳೆಗಳಿರುತ್ತವೆ, ಧೂಳು ಮತ್ತು ರೋಗಾಣುಗಳನ್ನು ಹೊರಗೆ ತಳ್ಳುವುದೇ ಅವುಗಳ ಕೆಲಸ. ಅಮೋನಿಯಾ ಅವನ್ನು ಹಾಳು ಮಾಡುತ್ತದೆ. ಚಳಿಗಾಲದಲ್ಲಿ ಕೋಳಿ ಸೀನುತ್ತಿದೆ, ಮೂಗಿನಲ್ಲಿ ಸಿಂಬಳ, ಕಣ್ಣಲ್ಲಿ ನೊರೆ ಅಂತ ಯಾರಾದರೂ ಹೇಳಿದರೆ ಚಳಿಗೆ ನೆಗಡಿಯಾಯ್ತು ಅಂತ ಬಿಡಬೇಡಿ. ಔಷಧಿ ಪಶುವೈದ್ಯರನ್ನು ಕೇಳಿ ಕೊಡಿ, ಆದರೆ ಅದರ ಜೊತೆಗೆ ಗೂಡಿನ ವಾಸನೆಯನ್ನೂ ನೋಡಿ. ನಿಂತುಕೊಂಡು ನೋಡಿದರೆ ಗೊತ್ತಾಗುವುದಿಲ್ಲ. ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ಕುಕ್ಕರಗಾಲಲ್ಲಿ ಕೂತು, ಕೋಳಿಯ ತಲೆ ಇರುವ ಎತ್ತರಕ್ಕೆ ಮೂಗು ತಂದು ಉಸಿರೆಳೆದುಕೊಳ್ಳಿ. ಕಣ್ಣು ಉರಿದರೆ ಇಡೀ ರಾತ್ರಿ ಅವು ಅದನ್ನೇ ಉಸಿರಾಡಿವೆ ಅಂತ ಅರ್ಥ.

ಹಾಗಾದರೆ ಗಾಳಿಗೆ ದಾರಿ ಎಲ್ಲಿ? ಮೇಲೆ. ಕೋಳಿ ಕೂತಾಗ ಅದರ ತಲೆಗಿಂತ ಎತ್ತರದಲ್ಲಿ, ಸೂರಿನ ಕೆಳಗೆ, ಎದುರು ಬದುರು ಗೋಡೆಗಳಲ್ಲಿ ಕಿಂಡಿಗಳಿರಬೇಕು. ಬಿಸಿಯಾದ ತೇವದ ಗಾಳಿ ಮೇಲಕ್ಕೇರಿ ಅಲ್ಲಿಂದ ಹೊರಗೆ ಹೋಗುತ್ತದೆ. ಆ ಕಿಂಡಿಗಳು ರಾತ್ರಿಯೂ ತೆರೆದಿರಲಿ, ಇಲಿ ನುಗ್ಗದ ಹಾಗೆ ಸಣ್ಣ ಕಣ್ಣಿನ ಗಟ್ಟಿ ತಂತಿ ಜಾಲರಿ ಹೊಡೆದಿರಿ. ಮುಚ್ಚಬೇಕಾದದ್ದು ಕೆಳಗಿನ ಸಂದಿಗಳನ್ನು. ಕೂರುವ ಜಾಗಕ್ಕೆ ಗಾಳಿ ಹೊಡೆಯುತ್ತಿದೆಯಾ ಅಂತ ನೋಡಲು ನಾನು ಒಂದು ಮೆತ್ತನೆ ಪುಕ್ಕವನ್ನು ದಾರಕ್ಕೆ ಕಟ್ಟಿ, ಕೋಳಿ ಕೂರುವ ಮಟ್ಟಕ್ಕೆ ನೇತು ಹಾಕುತ್ತೇನೆ. ಗಾಳಿ ಬೀಸುವ ಸಂಜೆ ಸ್ವಲ್ಪ ಹೊತ್ತು ನಿಂತು ನೋಡಿದರೆ ಸಾಕು. ಪುಕ್ಕ ಅಲ್ಲಾಡದೆ ನಿಂತರೆ ಸರಿ, ಒಂದೇ ದಿಕ್ಕಿಗೆ ವಾಲಿದರೆ ಎದುರು ದಿಕ್ಕಿನಲ್ಲಿ ಎಲ್ಲೋ ಸಂದಿ ಇದೆ, ಹುಡುಕಿ ಮುಚ್ಚಬೇಕು.

ಕೂರುವ ಅಡ್ಡಪಟ್ಟಿ ಕೂಡ ಮುಖ್ಯ, ಇದನ್ನು ತುಂಬ ಜನ ಗಮನಿಸುವುದಿಲ್ಲ. ಸಣ್ಣ ಕೋಲಿನ ಮೇಲೆ ಕೂತರೆ ಬೆರಳು ಕೆಳಗೆ ಮಡಚಿ ಹೊರಗೇ ಉಳಿಯುತ್ತದೆ. ಎಂಟು ಹತ್ತು ಸೆಂಟಿಮೀಟರ್ ಅಗಲದ ಮರದ ಪಟ್ಟಿಯನ್ನು ಅಗಲದ ಮುಖ ಮೇಲೆ ಬರುವಂತೆ ಹಾಕಿದರೆ ಪಾದ ಚಪ್ಪಟೆಯಾಗಿ ನಿಂತು ಎದೆಯ ಪುಕ್ಕ ಅದನ್ನು ಪೂರ್ತಿ ಮುಚ್ಚುತ್ತದೆ. ಒಂದಕ್ಕೊಂದು ಮೈ ತಾಗಿಸಿ ಕೂರಲು ಆಗುವ ಹಾಗೆ ಪಟ್ಟಿಗಳನ್ನು ಒಂದೇ ಎತ್ತರದಲ್ಲಿಡಿ, ಇಲ್ಲದಿದ್ದರೆ ಮೇಲಿನ ಜಾಗಕ್ಕೆ ಜಗಳ.

ನೆಲಕ್ಕೆ ಮರದ ಹೊಟ್ಟು, ಭತ್ತದ ಹೊಟ್ಟು, ಒಣ ಹುಲ್ಲಿನ ತುಂಡು ಏನಾದರೂ ಆದೀತು, 10ರಿಂದ 15 ಸೆಂಟಿಮೀಟರ್ ದಪ್ಪ ಇರಬೇಕು. ಸಂಜೆ ಒಂದು ಹಿಡಿ ಕಾಳು ಅದರ ಮೇಲೇ ಎರಚಿಬಿಡಿ, ಕೋಳಿಗಳೇ ಕೆದಕಿ ಕೆದಕಿ ತಿರುವಿ ಹಾಕುತ್ತವೆ. ಅಡಿಯಲ್ಲಿ ನಿಧಾನಕ್ಕೆ ಕೊಳೆಯುವಾಗ ಸ್ವಲ್ಪ ಬಿಸಿಯೂ ಹುಟ್ಟುತ್ತದೆ. ಒಂದು ಮುಷ್ಟಿ ತೆಗೆದು ಹಿಂಡಿ ನೋಡಿ. ಕೈ ಬಿಟ್ಟಾಗ ಉದುರಿದರೆ ಒಳ್ಳೆಯದು, ಉಂಡೆಯಾಗಿಯೇ ನಿಂತರೆ ಹೊಸ ಹೊಟ್ಟು ಸೇರಿಸುವ ಹೊತ್ತಾಗಿದೆ. ನೀರಿನ ಪಾತ್ರೆ ಗೂಡಿನ ಹೊರಗಿರಲಿ, ಒಳಗೆ ಚೆಲ್ಲಿದ ನೀರನ್ನು ಒಣಗಿಸುವುದು ಚಳಿಗಾಲದಲ್ಲಿ ತುಂಬ ಕಷ್ಟ.

ಈಗ ಬಲ್ಬ್. ಬೆಳೆದ ಕೋಳಿಗೆ ಬಿಸಿಗೋಸ್ಕರ ಬಲ್ಬ್ ಹಾಕುವುದು ನನಗೆ ಇಷ್ಟವಿಲ್ಲ. ಒಣ ಹೊಟ್ಟು, ಪುಕ್ಕದ ಧೂಳು, ಹಾರಾಡುವ ಹಕ್ಕಿ, ಇವುಗಳ ನಡುವೆ ಸುಡುವ ದೀಪ ಇಟ್ಟರೆ ಬೆಂಕಿಯ ಭಯ ಇದ್ದೇ ಇರುತ್ತದೆ. ಜೊತೆಗೆ ಬಿಸಿಗೆ ಒಗ್ಗಿಕೊಂಡ ಕೋಳಿಗಳು ಒಂದು ರಾತ್ರಿ ಕರೆಂಟು ಹೋದರೆ ತತ್ತರಿಸಿ ಹೋಗುತ್ತವೆ. ಮರಿಗಳ ವಿಷಯ ಬೇರೆ. ತಾಯಿ ಇಲ್ಲದ ಮರಿಗೆ ಮೊದಲ ವಾರ 32ರಿಂದ 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಬಹುದು. ಥರ್ಮಾಮೀಟರಿಗಿಂತ ಮರಿಗಳನ್ನೇ ನಂಬಿ: ದೀಪದ ಕೆಳಗೆ ಒಂದರ ಮೇಲೊಂದು ಬಿದ್ದು ಕಿರುಚಿದರೆ ಚಳಿ, ಗೋಡೆಗೆ ಅಂಟಿಕೊಂಡು ಬಾಯಿ ತೆರೆದು ಉಸಿರಾಡಿದರೆ ಸೆಕೆ, ಎಲ್ಲ ಕಡೆ ಹರಡಿಕೊಂಡು ಸಣ್ಣಗೆ ಚಿಲಿಪಿಲಿ ಅನ್ನುತ್ತಿದ್ದರೆ ಹದವಾಗಿದೆ.

ಮೊಟ್ಟೆ ಕಡಿಮೆಯಾಗುವುದು ಚಳಿಯಿಂದ ಅನ್ನುವವರು ಬಹಳ. ಮುಖ್ಯ ಕಾರಣ ಬೆಳಕು. ಸರಿಯಾಗಿ ಮೊಟ್ಟೆ ಇಡಲು ಕೋಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು, ಚಳಿಗಾಲದ ಹಗಲು ಅಷ್ಟು ಉದ್ದ ಇರುವುದಿಲ್ಲ. ಅದೇ ಸುಮಾರಿಗೆ ಹಳೆ ಪುಕ್ಕ ಉದುರಿ ಹೊಸದು ಬರುತ್ತದೆ. ಪುಕ್ಕದಲ್ಲಿ ನೂರಕ್ಕೆ 85ರಷ್ಟು ಪ್ರೋಟೀನೇ ಇರುವುದರಿಂದ ತಿಂದದ್ದೆಲ್ಲ ಅಲ್ಲಿಗೆ ಹೋಗುತ್ತದೆ. ಬೆಳಕು ಕೂಡಿಸಲೇಬೇಕು ಅಂದರೆ ಬೆಳಗಿನ ಜಾವ ಕೂಡಿಸಿ, ಸಂಜೆ ಬೇಡ. ಸಂಜೆ ದೀಪ ಪಟ್ಟನೆ ಆರಿದರೆ ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದಿಲ್ಲ, ಪಟ್ಟಿ ಹತ್ತಲಾಗದೆ ನೆಲದಲ್ಲೇ ಉಳಿದುಬಿಡುತ್ತದೆ. ನಾನಂತೂ ಕೂಡಿಸುವುದಿಲ್ಲ. ವರ್ಷವಿಡೀ ಮೊಟ್ಟೆ ಇಟ್ಟ ಹೇಂಟೆಗೆ ಈ ಬಿಡುವು ಸಿಗಲಿ ಅನ್ನುವುದು ನನ್ನ ಆಸೆ. ಮೊದಲ ವರ್ಷದ ಹೇಂಟೆಗಳು ಹೇಗೂ ಸಾಮಾನ್ಯವಾಗಿ ಚಳಿಯಲ್ಲೂ ಇಡುತ್ತವೆ. ಪುಕ್ಕ ಬರುವ ಹೊತ್ತಿನಲ್ಲಿ ಬರೀ ಕಾಳು ಹಾಕಿ ಹೊಟ್ಟೆ ತುಂಬಿಸದೆ ಪ್ರೋಟೀನ್ ಇರುವ ಆಹಾರ ಕೊಡಿ, ಅಷ್ಟು ಸಾಕು.

ರಾತ್ರಿ ಎಲ್ಲ ಕೂತ ಮೇಲೆ ಕೈ ಆಡಿಸಿ ನೋಡುವ ಅಭ್ಯಾಸ ದಯವಿಟ್ಟು ಮಾಡಿಕೊಳ್ಳಿ. ಉಬ್ಬಿದ ಪುಕ್ಕದ ಒಳಗೆ ಕೋಳಿ ಸೊರಗಿದ್ದರೂ ಕಣ್ಣಿಗೆ ಗುಂಡಗೇ ಕಾಣುತ್ತದೆ. ಕತ್ತಿನ ಬುಡದ ಮೇವಿನ ಚೀಲ ತುಂಬಿರಬೇಕು. ಎದೆಯ ನಡುವಿನ ಮೂಳೆಯ ಎರಡೂ ಕಡೆ ಮಾಂಸ ಕೈಗೆ ಸಿಗಬೇಕು. ಮೂಳೆ ಕತ್ತಿಯ ಬಾಯಿಯಂತೆ ಚೂಪಾಗಿದ್ದರೆ ಆ ಕೋಳಿಗೆ ಬೇರೆ ಕೋಳಿಗಳು ತಿನ್ನಲು ಬಿಡುತ್ತಿಲ್ಲ, ಇಲ್ಲವೇ ಹೊಟ್ಟೆಹುಳು, ಹೇನು ಏನೋ ಇದೆ. ಬಾಲದ ಕೆಳಗೆ ಪುಕ್ಕ ಬಿಡಿಸಿ ನೋಡಿದರೆ ಹೇನು ಓಡುವುದು ಕಾಣುತ್ತದೆ. ಸೂರಿನ ಕೆಳಗೆ ಒಂದು ಮೂಲೆಯಲ್ಲಿ ಒಣ ಮಣ್ಣಿನ ಗುಂಡಿ ಇದ್ದರೆ ಚಳಿಗಾಲದಲ್ಲೂ ಧೂಳಿನ ಸ್ನಾನ ಮಾಡುತ್ತವೆ, ಹೇನಿಗೆ ಅದೇ ಮೊದಲ ಮದ್ದು.

ಮೇಕೆಗೂ ಮಾತು ಇದೇ: ಒಣ ನೆಲ, ಮೇಲೆ ಗಾಳಿ, ಮೈಗೆ ನೇರ ಬೀಸದ ಮೂಲೆ. ಮುಚ್ಚಿಟ್ಟ ಕೊಟ್ಟಿಗೆಯಲ್ಲಿ ಮರಿಗಳಿಗೆ ನ್ಯುಮೋನಿಯಾ ಬರುವುದು ಬೇಗ. ಮೇಕೆಯ ಹೊಟ್ಟೆಯಲ್ಲೇ ಒಲೆ ಇದೆ. ಒಣ ಹುಲ್ಲು ಅಲ್ಲಿ ಹುದುಗಿ ಜೀರ್ಣವಾಗುವಾಗ ಬಿಸಿ ಹುಟ್ಟುತ್ತದೆ, ಹಾಗಾಗಿ ಚಳಿ ಜೋರಾದ ರಾತ್ರಿ ಕಾಳಿನ ಬದಲು ಹುಲ್ಲು ಜಾಸ್ತಿ ಹಾಕಿ. ಒಮ್ಮೆಲೇ ಕಾಳು ಸುರಿದರೆ ಹೊಟ್ಟೆ ಕೆಡುತ್ತದೆ. ಚಳಿಗೆ ದಟ್ಟವಾದ ಕೂದಲ ಕೆಳಗೆ ಸೊರಗಿದ್ದು ಇಲ್ಲೂ ಕಾಣುವುದಿಲ್ಲ, ಕೊನೆಯ ಪಕ್ಕೆಲುಬಿನ ಹಿಂದೆ ಬೆನ್ನು ಒತ್ತಿ ನೋಡಬೇಕು.

ನೀರು ತಣ್ಣಗಿದ್ದರೆ ಮೇಕೆ ಕಡಿಮೆ ಕುಡಿಯುತ್ತದೆ. ಗಂಡು ಮೇಕೆಗೆ, ಅದರಲ್ಲೂ ಬೀಜ ಒಡೆಸಿದ್ದಕ್ಕೆ, ಇದು ಅಪಾಯ. ಕಾಳು ಜಾಸ್ತಿ, ನೀರು ಕಮ್ಮಿ ಆದಾಗ ಮೂತ್ರದಲ್ಲಿ ಕಲ್ಲು ಕಟ್ಟಿ ದಾರಿಯೇ ಮುಚ್ಚಿಹೋಗಬಹುದು. ಮತ್ತೆ ಮತ್ತೆ ತಿಣುಕಿ, ತೊಟ್ಟು ತೊಟ್ಟು ಮೂತ್ರ ಬಿಟ್ಟು, ಕೂಗುತ್ತಾ ನಿಂತರೆ ಅದು ಕಾಯುವ ಹೊತ್ತಲ್ಲ, ಕೂಡಲೇ ವೈದ್ಯರನ್ನು ಕರೆಯಿರಿ. ಬೆಳಗ್ಗೆ ಸಂಜೆ ಉಗುರು ಬೆಚ್ಚಗಿನ ನೀರು ಕೊಡುವುದು ದೊಡ್ಡ ಕೆಲಸವೇನಲ್ಲ, ಕೋಳಿಗೂ ಅದನ್ನೇ ಇಡಿ. ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರೇ ಅಲ್ವಾ.

ಮೊಲಕ್ಕೆ ಚಳಿಗಿಂತ ಸೆಕೆ ಕಷ್ಟ, ದೊಡ್ಡ ಮೊಲಗಳ ಬಗ್ಗೆ ಅಷ್ಟು ಚಿಂತೆ ಬೇಡ. ಮರಿಗಳು ಮಾತ್ರ ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತವೆ. ತಾಯಿ ತನ್ನ ಹೊಟ್ಟೆಯ ಕೂದಲು ಕಿತ್ತು ಗೂಡು ಕಟ್ಟುತ್ತದೆ, ದಿನಕ್ಕೆ ಒಂದೆರಡು ಸಲ ಬಂದು ಕೆಲವೇ ನಿಮಿಷ ಹಾಲು ಕೊಟ್ಟು ಹೋಗುತ್ತದೆ. ಮೊಲೆ ಕಚ್ಚಿಕೊಂಡ ಮರಿ ಹಾಗೇ ಹೊರಗೆ ಬಂದು ಬಿದ್ದರೆ ತಾಯಿ ಅದನ್ನು ಎತ್ತಿಕೊಂಡು ಹೋಗುವುದಿಲ್ಲ. ನಾವೇ ದಿನಾ ನೋಡಿ ವಾಪಸ್ ಇಡಬೇಕು.

ಚಳಿಯಲ್ಲಿ ಹುಟ್ಟಿದ ಮೇಕೆ ಮರಿಯ ಮೊದಲ ಒಂದೆರಡು ಗಂಟೆ ತುಂಬ ಮುಖ್ಯ. ತಾಯಿ ನೆಕ್ಕುತ್ತಿದ್ದರೂ ನೀವೂ ಒಣ ಬಟ್ಟೆಯಿಂದ ಉಜ್ಜಿ, ಕಿವಿಯ ತುದಿಯನ್ನೂ ಮರೆಯಬೇಡಿ. ಗಿಣ್ಣು ಹಾಲು ಬೇಗ ಹೊಟ್ಟೆಗೆ ಹೋಗಬೇಕು. ಅದಕ್ಕೂ ಮೊದಲು ಮರಿಯ ಬಾಯಿಗೆ ಬೆರಳು ಹಾಕಿ ನೋಡಿ. ಬೆಚ್ಚಗಿದ್ದರೆ ಕುಡಿಸಿ. ತಣ್ಣಗಿದ್ದು ತಲೆ ಜೋತು ಬಿದ್ದಿದ್ದರೆ ಹಾಲು ಸುರಿಯಬೇಡಿ, ನುಂಗಲಾಗದೆ ಶ್ವಾಸಕೋಶಕ್ಕೆ ಹೋಗುತ್ತದೆ. ಮೈ ಬೆಚ್ಚಗೆ ಮಾಡಿ, ಅದು ಚೀಪಲು ಶುರು ಮಾಡಿದ ಮೇಲೆ ಹಾಲು.

ಇಷ್ಟೆಲ್ಲ ಪಾಡು ಬೇಡ ಅಂದರೆ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು. ಕೋಳಿ ಕಾವಿಗೆ ಕೂತರೆ 21 ದಿನ, ಮೊಲದ ಗಬ್ಬ ಸುಮಾರು 31 ದಿನ, ಮೇಕೆಯದು ಸುಮಾರು 150. ಚಳಿ ಇಳಿಯುವ ತಿಂಗಳನ್ನು ಗುರುತು ಮಾಡಿಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸಿ, ಅದಕ್ಕೂ ಮುಂಚೆ ಹೋತವನ್ನು ಹಿಂಡಿಗೆ ಬಿಡಬೇಡಿ. ಗಬ್ಬದ ಕೊನೆಯ ಒಂದೂವರೆ ಎರಡು ತಿಂಗಳಲ್ಲೇ ಹೊಟ್ಟೆಯ ಮರಿ ಹೆಚ್ಚಾಗಿ ಬೆಳೆಯುವುದು. ಆ ದಿನಗಳು ಚಳಿಯಲ್ಲೇ ಬರುತ್ತವೆ, ಆಗ ಬೇಕಾಗುವ ಒಳ್ಳೆಯ ಒಣ ಮೇವನ್ನು ಮಾತ್ರ ಮೊದಲೇ ಎತ್ತಿಟ್ಟುಕೊಳ್ಳಿ.