ಸಿಲಬಸ್ಸಿನಾಚೆಯ ಗ್ರೀಸ್

ನಮ್ಮ ಪಠ್ಯದಲ್ಲಿ ಗ್ರೀಸ್ ಎಂದರೆ ಮ್ಯಾರಥಾನ್, ಸಲಾಮಿಸ್, ಪೆರಿಕ್ಲೀಸ್. ಇತಿಹಾಸದ ಮೇಷ್ಟರು ಅವನ್ನೆಲ್ಲ ನೋಟ್ಸ್ ಬರೆಸಿ ಬೇಗ ಮುಗಿಸುತ್ತಿದ್ದರು. ಉಳಿದ ಪೀರಿಯಡ್‌ಗಳು ಅವರ ಖುಷಿಗೆ ಮೀಸಲು: ಗ್ರೀಕರು ದೇವರಿಗೆ ಒಪ್ಪಿಸಿದ ಕಾಣಿಕೆಗಳ ಮೇಲೆ ಏನು ಬರೆಸುತ್ತಿದ್ದರು ಎಂಬ ಪಾಠಕ್ಕೆ. ಇದು ಪರೀಕ್ಷೆಗೆ ಬರುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತಿದ್ದರು. ಅದಕ್ಕೇ ಇರಬೇಕು, ನನಗೆ ಅದು ಮಾತ್ರ ನೆನಪಿದೆ.

ಒಂದು ದಿನ ಬೋರ್ಡಿನ ಮೇಲೆ ಉದ್ದ ಕತ್ತಿನ ಮನುಷ್ಯನೊಬ್ಬನನ್ನು ಬರೆದು, ಅವನ ಎರಡೂ ತೊಡೆಗಳ ಮೇಲೆ ಅಕ್ಷರ ತುಂಬಿದರು. ಹಿಂದಿನ ಬೆಂಚಿನಲ್ಲಿ ನಗು. ಅದು ಥೀಬ್ಸ್‌ನ ಕಂಚಿನ ಗೊಂಬೆ, ಎತ್ತರ ಸುಮಾರು 20 ಸೆಂಟಿಮೀಟರ್, ಕ್ರಿ.ಪೂ. 7ನೆಯ ಶತಮಾನದ ಆರಂಭದ್ದು. ಈಗ ಬಾಸ್ಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಮಾತನಾಡುವುದು ಗೊಂಬೆಯೇ. ಮಾಂಟಿಕ್ಲೋಸ್ ಹತ್ತರಲ್ಲೊಂದು ಪಾಲು ತೆಗೆದಿಟ್ಟು ನನ್ನನ್ನು ಬೆಳ್ಳಿಬಿಲ್ಲಿನ ದೇವರಿಗೆ ಅರ್ಪಿಸಿದ್ದಾನೆ. ಅಪೊಲೊ, ನೀನೂ ಪ್ರತಿಯಾಗಿ ಏನಾದರೂ ಒಳ್ಳೆಯದು ಕೊಡು ಎನ್ನುತ್ತದೆ. ಎರಡೇ ಸಾಲು, ಅದೂ ಹೋಮರನ ಛಂದಸ್ಸಿನಲ್ಲಿ. "ನಮ್ಮ ದಾನಶಾಸನಗಳ ಕೊನೆಗೆ, ಕೆಡಿಸಿದವನಿಗೆ ಶಾಪವಿರುತ್ತದೆ. ಈ ಮಹಾರಾಯನಿಗೆ ಅದರ ಗೊಡವೆಯಿಲ್ಲ, ತನ್ನ ಬಾಕಿ ವಸೂಲಾದರೆ ಸಾಕು" ಎಂದರು ಮೇಷ್ಟರು.

ಸಿಸಿಲಿಯ ಗ್ರೀಕ್ ನಗರ ಸಿರಾಕ್ಯೂಸ್‌ನ ದೊರೆ ಹೀರೊನ್ ಕ್ರಿ.ಪೂ. 474ರಲ್ಲಿ ಇಟಲಿಯ ಎಟ್ರಸ್ಕನ್ನರನ್ನು ಸೋಲಿಸಿ, ಅವರಿಂದ ಕಸಿದ ಶಿರಸ್ತ್ರಾಣಗಳ ಮೇಲೆ ತನ್ನ ಹೆಸರು ಕೆತ್ತಿಸಿ ಒಲಿಂಪಿಯಾದ ಜ್ಯೂಸ್ ದೇವರಿಗೆ ಒಪ್ಪಿಸಿದ್ದನ್ನೂ ಹೇಳಿದರು. ದೊರೆಗಳ ಜಂಬ ಎಲ್ಲೆಡೆ ಒಂದೇ; ಅದು ನನ್ನನ್ನು ಅಷ್ಟಾಗಿ ತಟ್ಟಲಿಲ್ಲ.

ತಟ್ಟಿದ್ದು ನಿಕಾಂಡ್ರೆ. ಡೆಲೋಸ್ ದ್ವೀಪದಲ್ಲಿ ಆರ್ಟೆಮಿಸ್ ದೇವಿಗೆ ಆಳೆತ್ತರದ ಅಮೃತಶಿಲೆಯ ವಿಗ್ರಹ ಕೊಟ್ಟವಳು. ಅದರ ಮೇಲಿನ ಬರಹ ಒಂದು ಸಾಲು ಒಂದು ದಿಕ್ಕಿಗೆ, ಮುಂದಿನದು ತಿರುಗಿ ಇನ್ನೊಂದು ದಿಕ್ಕಿಗೆ ಸಾಗುತ್ತದೆ. ಅದನ್ನು ತೋರಿಸಲು ಮೇಷ್ಟರು ಬೋರ್ಡಿನುದ್ದಕ್ಕೂ ಅತ್ತಿಂದಿತ್ತ ನಡೆದರು. ನಾಕ್ಸೋಸ್‌ನ ಡೈನೊಡಿಕೀಸನ ಮಗಳು, ಡೈನೊಮೆನೀಸನ ಸೋದರಿ, ಈಗ ಫ್ರಾಕ್ಸೋಸನ ಹೆಂಡತಿ ಎಂದು ಅದರಲ್ಲಿದೆ. "ತಾಯಿಯ ಹೆಸರು ಇಲ್ಲವೇ ಸಾರ್?" ಎಂದಳು ಸಹಪಾಠಿಯೊಬ್ಬಳು. ಇಲ್ಲ ಎಂದು ಸುಮ್ಮನಾದರು.

ಉತ್ತರ ಬಂದದ್ದು ಮುಂದಿನ ವಾರ. ಹಾಜರಿ ಕರೆಯುವ ಮೊದಲೇ ಬೋರ್ಡಿನ ಮೇಲೆ ಒಂದು ಹೆಸರು ಬರೆದರು: ಸ್ಮಿಕೀಥೆ. ಕ್ರಿ.ಪೂ. 5ನೆಯ ಶತಮಾನದ ಆರಂಭದಲ್ಲಿ ಅಥೆನ್ಸ್‌ನ ಅಕ್ರೊಪೊಲಿಸ್‌ನಲ್ಲಿ ಕಾಣಿಕೆ ಇಟ್ಟವಳು. ಅಪ್ಪನ ಹೆಸರಿಲ್ಲ, ಗಂಡನ ಹೆಸರಿಲ್ಲ. ತನ್ನ ಹೆಸರು, ಬಟ್ಟೆ ಒಗೆಯುವವಳು ಎಂಬ ಕಸುಬು, ಇದು ತನ್ನ ಹತ್ತನೆಯ ಪಾಲು ಎಂಬ ಮಾತು, ಅಷ್ಟೇ. ನಂತರ ಪ್ರಶ್ನೆ ಕೇಳಿದ್ದ ಹುಡುಗಿಯ ಕಡೆ ತಿರುಗಿ, "ಇದು ನಿನಗೆ" ಎಂದು ಹಾಜರಿ ಪುಸ್ತಕ ತೆರೆದರು.