ಕಾರವಾರದ ಸೂರ್ಯಾಸ್ತಕ್ಕೆ ಕೋಡಿಬಾಗದವರೆಗೆ ನಡೆಯಿರಿ

ಕಾರವಾರಕ್ಕೆ ಬಂದವರು ಸಂಜೆ ಟಾಗೋರ್ ಬೀಚಿಗೆ ಹೋಗಿಯೇ ಹೋಗುತ್ತಾರೆ. ಚಾಪೆಲ್ ಯುದ್ಧನೌಕೆಯ ಎದುರು ಫೋಟೊ, ಒಂದು ಪೊಟ್ಟಣ ಚುರುಮುರಿ, ಅಲ್ಲೇ ಕೂತು ಸೂರ್ಯಾಸ್ತ. ತಪ್ಪೇನಿಲ್ಲ. ಆದರೆ ಅಲ್ಲಿಂದ ಸಮುದ್ರವನ್ನು ಎಡಕ್ಕಿಟ್ಟುಕೊಂಡು ಉತ್ತರಕ್ಕೆ ಎರಡೂವರೆ ಕಿಲೋಮೀಟರಿನಷ್ಟು ನಡೆದರೆ ಕೋಡಿಬಾಗ, ಕಾಳಿ ನದಿ ಸಮುದ್ರ ಸೇರುವ ಜಾಗ. ಅರ್ಧ ದಾರಿಗೆ ಬರುವಷ್ಟರಲ್ಲೇ ಜನ ಕರಗುತ್ತಾರೆ.

ಮೊದಲು ಭರತ-ಇಳಿತ ವಿಚಾರಿಸಿಕೊಳ್ಳಿ. ಭರತ ಇದ್ದಾಗ ಒಣ ಮರಳಲ್ಲಿ ಕಾಲು ಹೂತು ಹೂತು ಸಾಕಾಗಿಹೋಗುತ್ತದೆ. ಬಲೆ ಸರಿಮಾಡುತ್ತಿದ್ದ ಅಜ್ಜನೊಬ್ಬ ನಮಗೆ ಲೆಕ್ಕ ಹೇಳಿಕೊಟ್ಟ: "ಹುಣ್ಣಿಮೆ, ಅಮಾಸೆ ಆಸುಪಾಸು ಸಂಜೆಗೆ ಇಳಿತ ಇರ್ತದೆ. ಅಷ್ಟಮಿಗೆ ಬಂದ್ರೆ ಭರತ." ಇಳಿತದಲ್ಲಿ ಒದ್ದೆ ಮರಳು ಗಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ಆರಾಮಾಗಿ ನಡೆಯಬಹುದು. ಕಾಲ ಬುಡ ನೋಡಿಕೊಂಡು ನಡೆಯಿರಿ. ಉಗುರಿನಷ್ಟಿರುವ ಏಡಿಗಳು ಮರಳನ್ನು ಬಾಯಲ್ಲಿ ಸೋಸಿ, ಸಾಸಿವೆಗಿಂತ ಸ್ವಲ್ಪ ದೊಡ್ಡ ಉಂಡೆ ಮಾಡಿ ಬಿಲದ ಸುತ್ತ ಸಾಲಾಗಿ ಇಟ್ಟಿರುತ್ತವೆ. ಹೆಜ್ಜೆ ಸದ್ದಾದರೆ ಎಲ್ಲವೂ ಒಟ್ಟಿಗೆ ಮಾಯ.

ಹುಣ್ಣಿಮೆ ದಿನ ಆದರೆ ಇನ್ನೂ ಒಳ್ಳೆಯದು. ಸೂರ್ಯ ಮುಳುಗುವ ಹೊತ್ತಿಗೇ ಹಿಂದೆ ಗುಡ್ಡದ ಕಡೆ ಚಂದ್ರ ಏಳುತ್ತಾನೆ. ಎಲ್ಲರೂ ಪಶ್ಚಿಮಕ್ಕೇ ಮೊಬೈಲ್ ಹಿಡಿದು ನಿಂತಿರುತ್ತಾರೆ, ಒಮ್ಮೆ ತಿರುಗಿ ನೋಡಿ.

ಸಮಯ ಹೇಳಬೇಕೆಂದರೆ, ನವೆಂಬರ್ ಕೊನೆಗೆ ಸೂರ್ಯ 6 ಗಂಟೆಗೇ ಮುಳುಗುತ್ತಾನೆ. ಜನವರಿ ಕೊನೆಗೆ 6.30, ಮೇ ತಿಂಗಳಲ್ಲಿ 7ರ ಹತ್ತಿರ. ಒಂದು ತಾಸು ಮೊದಲೇ ಹೊರಡಿ. ದಾರಿಯಲ್ಲಿ ಮೀನುಗಾರರು ಏಂಡಿ ಬಲೆ (ದಡದಲ್ಲಿ ನಿಂತು ಎಳೆಯುವ ಬಲೆ) ಎಳೆಯುತ್ತಿದ್ದರೆ ಅರ್ಧ ಗಂಟೆ ಅಲ್ಲೇ ಹೋಗುತ್ತದೆ, ಗ್ಯಾರಂಟಿ. ಎರಡು ಕಡೆಯಿಂದ ಹಗ್ಗ ಹಿಡಿದು ಎಳೆಯುತ್ತಾ ಬರುತ್ತಾರೆ. ಹಗ್ಗದ ಮಧ್ಯೆ ಹೋಗಿ ಸೆಲ್ಫಿ ತೆಗೆಯಬೇಡಿ, ಅವರ ದುಡಿಮೆ ಅದು. ಮಳೆಗಾಲದಲ್ಲಿ ಸುಮ್ನೆ ಬರಬೇಡಿ, ಮೋಡವೇ ಜಾಸ್ತಿ.

ಅಳಿವೆಯಲ್ಲಿ ನಿಂತರೆ ಎದುರಿಗೆ ಸದಾಶಿವಗಡದ ಗುಡ್ಡ, ನದಿಯಾಚೆ ದೇವಬಾಗ. 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದುಬಿದ್ದ ಹಳೇ ಸೇತುವೆ ಇದ್ದದ್ದೂ ಇದೇ ಕಾಳಿಗೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ರವೀಂದ್ರನಾಥ ಟಾಗೋರರು ಬಂದು ಉಳಿದಿದ್ದರು. ಬೆಳದಿಂಗಳಲ್ಲಿ ದೋಣಿ ಹತ್ತಿ ಕಾಳಿಯಲ್ಲಿ ಮೇಲಕ್ಕೆ ಹೋಗಿ, ವಾಪಸ್ ಬರುವಾಗ ಅಳಿವೆ ತಲುಪುವಷ್ಟರಲ್ಲಿ ತುಂಬಾ ತಡವಾಗಿ, ಅಲ್ಲೇ ದೋಣಿ ಇಳಿದು ಮರಳಲ್ಲೇ ಮನೆಗೆ ನಡೆದರಂತೆ. ಅವರೇ ಬರೆದಿದ್ದಾರೆ. ಬೀಚಿಗೆ ಅವರ ಹೆಸರು ಸುಮ್ನೆ ಬಂದದ್ದಲ್ಲ, ಅಲ್ವಾ?

ಅಳಿವೆ ಹತ್ತಿರ ನೀರಿಗೆ ಮಾತ್ರ ಇಳಿಯಬೇಡಿ. ಮೇಲೆ ಶಾಂತವಾಗಿ ಕಂಡರೂ ಇಳಿತದ ಹೊತ್ತಲ್ಲಿ ನದಿ ಜೋರಾಗಿ ಸಮುದ್ರಕ್ಕೆ ಎಳೆಯುತ್ತದೆ.

ಸೂರ್ಯ ಮುಳುಗಿದ ಕೂಡಲೇ ಎದ್ದು ಹೊರಡಬೇಡಿ, ಬಣ್ಣ ಬರುವುದೇ ಆಮೇಲಿನ ಹತ್ತು-ಹದಿನೈದು ನಿಮಿಷದಲ್ಲಿ. ಮರಳಲ್ಲಿ ಹಿಂದಿರುಗುವ ಬದಲು ಕೋಡಿಬಾಗದ ಓಣಿಯಲ್ಲಿ ಹೆದ್ದಾರಿಗೆ ಬನ್ನಿ. ಸದಾಶಿವಗಡ ಕಡೆಯಿಂದ ಬರುವ ಬಸ್ಸಿಗೆ ಕೈ ಮಾಡಿ, ಇಲ್ಲ ಆಟೋ ಹಿಡಿಯಿರಿ. ರೈಲಿಗೆ ಹೋಗುವವರಾದರೆ ಸ್ಟೇಷನ್ ಊರೊಳಗಿಲ್ಲ, ಶಿರವಾಡದಲ್ಲಿದೆ. ಆ ಸಮಯವನ್ನೂ ಸೇರಿಸಿಕೊಳ್ಳಿ.