ಫೈಬರ್ ಬಂಪರ್ ಕೊಳ್ಳುವ ಮುನ್ನ ಅದರ ಬೆನ್ನು ನೋಡಿ

ಅಂಗಡಿಯಲ್ಲಿ ನೇತುಹಾಕಿದ, ಗಾಜಿನ ನಾರಿನಿಂದ ಮಾಡಿದ ಕಾರಿನ ಫೈಬರ್ ಬಂಪರ್ ಮುಂದಿನಿಂದ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಬೂದು ಪ್ರೈಮರ್ ಹೊಡೆದು ತಿಕ್ಕಿದರೆ ಎಂಥ ಸರಕೂ ನುಣುಪಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಳ್ಳಿ, ಆನ್‌ಲೈನಿನಲ್ಲಿ ತರಿಸಿ, ಮಾಡಬೇಕಾದ ಮೊದಲ ಕೆಲಸ ಒಂದೇ: ಅದನ್ನು ಮಗುಚಿ ಹಾಕಿ ಬೆನ್ನು ನೋಡುವುದು.

ಕಾರಿನ ಜೊತೆ ಬಂದ ಬಂಪರ್ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಯಂತ್ರದ ಅಚ್ಚಿನಲ್ಲಿ ತಯಾರಾಗುವುದರಿಂದ ಒಂದಕ್ಕೊಂದು ಹೆಚ್ಚುಕಮ್ಮಿ ಇರುವುದಿಲ್ಲ. ಫೈಬರ್ ಬಂಪರ್ ಹಾಗಲ್ಲ, ಅದು ಪೂರ್ತಿ ಕೈಕೆಲಸ. ಮೌಲ್ಡಿಗೆ ವ್ಯಾಕ್ಸ್ ತಿಕ್ಕಿ, ಹೊರಮೈಯ ನುಣುಪು ಪದರವಾಗುವ ಜೆಲ್‌ಕೋಟ್ ಬಳಿದು, ಅದರ ಮೇಲೆ ಗಾಜಿನ ನಾರಿನ ಮ್ಯಾಟ್ ಹಾಸಿ, ಪಾಲಿಯೆಸ್ಟರ್ ರೆಸಿನ್ ಕುಡಿಸಿ, ರೋಲರ್ ಎಳೆದು ಗಾಳಿ ಹೊರಡಿಸುತ್ತಾರೆ. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟಿನ ಒಂದು ಪದರ ಒಣಗಿದ ಮೇಲೆ ಸುಮಾರು 1 ಮಿ.ಮೀ. ದಪ್ಪ ಕೊಡುತ್ತದೆ. ಒಳ್ಳೆಯ ಬಂಪರ್ ಮೈಯಲ್ಲಿ 2.5ರಿಂದ 3 ಮಿ.ಮೀ., ಸ್ಕ್ರೂ ಬರುವ ಅಂಚಿನಲ್ಲಿ 4 ಮಿ.ಮೀ. ಇರಬೇಕು. ಜೇಬಿನಲ್ಲಿ ದಪ್ಪ ಅಳೆಯುವ ಒಂದು ವರ್ನಿಯರ್ ಇಟ್ಟುಕೊಂಡು ಹೋಗಿ, ನಾಲ್ಕಾರು ಕಡೆ ಅಳೆಯಿರಿ. ಒಂದು ಕಡೆ 1.5, ಇನ್ನೊಂದು ಕಡೆ 5 ಬಂದರೆ ಮ್ಯಾಟನ್ನು ಕೈಗೆ ಬಂದಂತೆ ಹರಿದು ಹಾಕಿದ್ದಾರೆ ಎಂದೇ ಅರ್ಥ. ದಪ್ಪ ಇದ್ದಷ್ಟೂ ಗಟ್ಟಿ ಅನ್ನುವ ನಂಬಿಕೆಯೂ ತಪ್ಪು. ರೆಸಿನ್ ಸುರಿದೇ ದಪ್ಪ ಮಾಡಬಹುದು, ಆಗ ತೂಕ ಏರುತ್ತದೆ, ಪೆಟ್ಟು ಬಿದ್ದಾಗ ಗಾಜಿನ ಹಾಗೆ ಒಡೆಯುತ್ತದೆ. ಬಲ ಇರುವುದು ನಾರಿನಲ್ಲಿ. ರೆಸಿನ್ ಅದನ್ನು ಹಿಡಿದಿಡುವ ಅಂಟು ಅಷ್ಟೇ.

ಬೆನ್ನಿನಲ್ಲಿ ಏನು ನೋಡಬೇಕು? ಬಿಳಿಬಿಳಿಯಾಗಿ, ಒಣ ಹುಲ್ಲಿನಂತೆ ನಾರು ಎದ್ದಿದ್ದರೆ ಅಲ್ಲಿ ರೆಸಿನ್ ಸಾಲದು. ನೀರು ಹೀರಿ ಪದರ ಬಿಡುತ್ತದೆ. ಮೂಲೆಗಳಲ್ಲಿ ಜೇನಿನಂತೆ ಹೊಳೆಯುವ ಮಡು ನಿಂತಿದ್ದರೆ ಅಲ್ಲಿ ರೆಸಿನ್ ಅತಿಯಾಗಿದೆ. ಬಿರುಕು ಶುರುವಾಗುವುದು ಅಲ್ಲಿಂದಲೇ. ಆಮೇಲೆ ಮುಂಭಾಗದ ಚೂಪು ಗೆರೆಗಳ ಉದ್ದಕ್ಕೂ ನಾಣ್ಯದಿಂದ ಮೆಲ್ಲಗೆ ಬಡಿಯುತ್ತ ಹೋಗಿ. ಟಣ್ ಟಣ್ ಎನ್ನುತ್ತಿದ್ದ ದನಿ ಇದ್ದಕ್ಕಿದ್ದಂತೆ ಪೊಳ್ಳಾದರೆ ಜೆಲ್‌ಕೋಟಿನ ಹಿಂದೆ ಗಾಳಿ ಕೂತಿದೆ. ಮ್ಯಾಟ್ ಚೂಪು ಮೂಲೆಗೆ ಸರಿಯಾಗಿ ಬಗ್ಗುವುದಿಲ್ಲ, ಸೇತುವೆಯಂತೆ ಮೇಲೇ ನಿಂತುಬಿಡುತ್ತದೆ. ಈ ಪೊಳ್ಳು ಇವತ್ತು ಕಾಣುವುದಿಲ್ಲ. ಪೇಂಟ್ ಬೂತಿನಲ್ಲಿ 60 ಡಿಗ್ರಿ ಶಾಖ ಕೊಟ್ಟಾಗ ಒಳಗಿನ ಗಾಳಿ ಹಿಗ್ಗಿ ಗುಳ್ಳೆ ಏಳುತ್ತದೆ. ಪೇಂಟರನ್ನು ಬೈದು ಪ್ರಯೋಜನವಿಲ್ಲ.

ಮೂಗಿಗೂ ಕೆಲಸ ಕೊಡಿ. ಕಟುವಾದ ರಾಸಾಯನಿಕ ವಾಸನೆ ಹೊಡೆಯುತ್ತಿದ್ದರೆ ಅದು ರೆಸಿನ್‌ನಲ್ಲಿರುವ ಸ್ಟೈರೀನ್. ಬಂಪರ್ ಇನ್ನೂ ಹಸಿ. ಆರ್ಡರ್ ಒತ್ತಡದಲ್ಲಿ ಬೇಗ ಮೌಲ್ಡಿನಿಂದ ಬಿಡಿಸಿದ ಹಸಿ ಬಂಪರ್ ಗೋಡೆಗೆ ಒರಗಿಸಿಟ್ಟಲ್ಲೇ ಸೊಟ್ಟಗಾಗುತ್ತದೆ.

ಇನ್ನು ಫಿಟ್ಟಿಂಗ್. ಹೆಚ್ಚಿನ ಜಗಳ ಇಲ್ಲೇ. ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗುವಾಗ ಕುಗ್ಗುತ್ತದೆ. 1700 ಮಿ.ಮೀ. ಅಗಲದ ಬಂಪರ್ ನೂರಕ್ಕೆ 0.2ರಷ್ಟು ಕುಗ್ಗಿತು ಎಂದುಕೊಳ್ಳಿ, 3.4 ಮಿ.ಮೀ. ಹೋಯಿತು. ಕಾರಿನ ಅಸಲಿ ಬಂಪರಿನಿಂದ ನೇರವಾಗಿ ಮೌಲ್ಡ್ ತೆಗೆದಿದ್ದರೆ ಇಷ್ಟನ್ನು ಸರಿದೂಗಿಸಬಹುದು. ಆದರೆ ಒಬ್ಬರು ಮಾಡಿದ ಫೈಬರ್ ಬಂಪರನ್ನೇ ಕೊಂಡು, ಅದರ ಮೇಲೆ ಇನ್ನೊಬ್ಬರು ಮೌಲ್ಡ್ ತೆಗೆಯುತ್ತಾರೆ. ನಕಲಿನ ನಕಲಿಗೆ ಕುಗ್ಗು ಸೇರುತ್ತಾ ಹೋಗುತ್ತದೆ. ಕಡಿಮೆ ಬೆಲೆಯ ಬಂಪರ್ ಕೂರದಿರಲು ಮುಖ್ಯ ಕಾರಣ ಇದೇ.

ಅಳತೆಯನ್ನು ಕಾರಿನ ಮೇಲೆಯೇ ತೆಗೆದುಕೊಳ್ಳಿ. ಬಿಚ್ಚಿಟ್ಟ ಪ್ಲಾಸ್ಟಿಕ್ ಬಂಪರ್ ಎರಡೂ ತುದಿ ಅಗಲಿಸಿಕೊಂಡು ಬಿದ್ದಿರುತ್ತದೆ, ಅದರ ಅಳತೆ ನಂಬುವಂತಿಲ್ಲ. ಎಡ ಫೆಂಡರ್ (ಮುಂಚಕ್ರದ ಮೇಲಿನ ತಗಡು) ತುದಿಯಿಂದ ಬಲ ಫೆಂಡರ್ ತುದಿಗೆ ಎಷ್ಟು, ನಡುವಿನಿಂದ ಹೆಡ್‌ಲೈಟ್ ಮೂಲೆಗೆ ಎಷ್ಟು, ಮೇಲಿನ ಸ್ಕ್ರೂ ತೂತುಗಳ ನಡುವೆ ಎಷ್ಟು, ಇವು ಮೂರು ಸಾಕು.

ಬಣ್ಣ ಹೊಡೆಸುವ ಮೊದಲು ಒಮ್ಮೆ ಹಾಗೆಯೇ ಕಾರಿಗೆ ಹಾಕಿ ನೋಡಲೇಬೇಕು. ಬಣ್ಣ ಬಿದ್ದ ಮೇಲೆ ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಮೊದಲು ನಡುವಿನ ತೂತು ಹೊಂದಿಸಿ, ಮಾಸ್ಕಿಂಗ್ ಟೇಪಿನಲ್ಲಿ ಹಿಡಿಸಿ, ಎರಡೂ ಬದಿಗೆ ಸಾಗಿ. ನಡು ಸರಿಯಾಗಿದ್ದು ಎರಡೂ ತುದಿ ಸಮವಾಗಿ ಕಡಿಮೆ ಬಿದ್ದರೆ ಅದು ಕುಗ್ಗು. ಒಂದು ತುದಿ ಮಾತ್ರ ಜೋತಿದ್ದರೆ, ಅಥವಾ ಬಾಯಿ ಅಗಲಿಸಿದ್ದರೆ, ಅದು ಸೊಟ್ಟ. ಸಣ್ಣ ಸೊಟ್ಟವನ್ನು ಕಾರಿಗೆ ಬಿಗಿದು, ಹೀಟ್ ಗನ್‌ನಿಂದ ಕೈ ಇಡಲಾಗದಷ್ಟು ಬಿಸಿ ಮಾಡಿ, ತಣ್ಣಗಾಗುವ ತನಕ ಅದುಮಿ ಹಿಡಿದು ಸರಿಮಾಡಬಹುದು. ಕುಗ್ಗಿಗೆ ಶಾಖದ ಮದ್ದಿಲ್ಲ. ನಂಬರ್ ಪ್ಲೇಟಿನ ಹಿಂದೆ ಕತ್ತರಿಸಿ, ಬೇಕಾದಷ್ಟು ಬಿಡಿಸಿ, ಹಿಂದಿನಿಂದ ಮ್ಯಾಟ್ ಹಾಕಿ ಬೆಸೆಯಬೇಕು. ಅಷ್ಟು ಮಾಡಿಸುವ ಬದಲು ವಾಪಸ್ ಕೊಡುವುದೇ ವಾಸಿ.

ಗ್ಯಾಪನ್ನು ಸ್ಕ್ರೂ ಬಿಗಿದು ಎಳೆದು ಮುಚ್ಚುವ ಅಭ್ಯಾಸ ತುಂಬಾ ಕಡೆ ಇದೆ. ಇದನ್ನು ಮಾಡಲು ಬಿಡಬೇಡಿ. ಫೈಬರ್ ಪ್ಲಾಸ್ಟಿಕ್‌ನಂತೆ ಎಳೆದಲ್ಲಿಗೆ ಬಗ್ಗುವುದಿಲ್ಲ. ಆ ಒತ್ತಡ ಅಲ್ಲೇ ಉಳಿದು, ಸ್ಪೀಡ್ ಬ್ರೇಕರಿನ ಕುಲುಕಾಟಕ್ಕೆ ತೂತಿನ ಸುತ್ತ ಜೇಡರ ಬಲೆಯಂಥ ಬಿರುಕು ಬಿಡುತ್ತದೆ. 6 ಮಿ.ಮೀ. ಬೋಲ್ಟಿಗೆ 8 ಮಿ.ಮೀ. ತೂತು ಕೊರೆಯಿರಿ, ಅಂಚಿನಿಂದ ಕನಿಷ್ಠ 15 ಮಿ.ಮೀ. ಒಳಗೆ. ಅಗಲ ವಾಷರ್, ಅದರಡಿ ರಬ್ಬರ್ ವಾಷರ್ ಹಾಕಿ. ತಗಡಿನ ಸ್ಕ್ರೂವನ್ನು ನೇರವಾಗಿ ಫೈಬರಿಗೆ ತಿರುಗಿಸಿದರೆ ಎರಡು ಸಲ ಬಿಚ್ಚಿ ಹಾಕುವಷ್ಟರಲ್ಲಿ ಹಿಡಿತ ಹೋಗುತ್ತದೆ. ಅಸಲಿಯ ಪಕ್ಕದ ಲಾಕ್‌ಗಳು ಫೈಬರಿನಲ್ಲಿ ಇರುವುದೇ ಅಪರೂಪ. ಫೆಂಡರ್ ಅಂಚಿಗೆ ತಗಡಿನ ಬ್ರಾಕೆಟ್ ಮಾಡಿಸಿ ಒಳಗಿನಿಂದ ಬೆಸೆಯಿಸಬೇಕು.

ಹೊಸ ಬಂಪರ್ ಕೂರುತ್ತಿಲ್ಲವೆಂದು ಒಳಗಿನ ಕಬ್ಬಿಣದ ಬೀಮನ್ನೋ ಅದರ ಮುಂದಿನ ಫೋಮನ್ನೋ ಕತ್ತರಿಸುವವರಿದ್ದಾರೆ. ಅಪಘಾತದಲ್ಲಿ ಪೆಟ್ಟು ತಿನ್ನಲು ಇಟ್ಟಿರುವುದೇ ಅವೆರಡನ್ನು. ಅವನ್ನು ಮುಟ್ಟದೆ ಕೂರದ ಬಂಪರ್ ನಿಮ್ಮ ಕಾರಿನದ್ದಲ್ಲ.

ಫಿಟ್ಟಿಂಗ್ ಸರಿಹೋದ ಮೇಲೆ ಕಾರಿನಲ್ಲೇ ಬಿಗಿದು ಮೂರ್ನಾಲ್ಕು ದಿನ ಬಿಸಿಲಿಗೆ ನಿಲ್ಲಿಸಿ, ಉಳಿದ ಕುಗ್ಗು, ಸೊಟ್ಟ ಏನಿದ್ದರೂ ಈಗಲೇ ಹೊರಬೀಳಲಿ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಕಪ್ಪು ಬಂಪರಿಗೆ ಇದು ಇನ್ನೂ ಮುಖ್ಯ. ನಂತರ ಬಿಚ್ಚಿ, ಪಾತ್ರೆ ಸೋಪಿನಲ್ಲಿ ಉಜ್ಜಿ ತೊಳೆದು, ವ್ಯಾಕ್ಸ್ ತೆಗೆಯುವ ದ್ರಾವಣದಲ್ಲಿ ಒರೆಸಿ, ಆಮೇಲಷ್ಟೇ 180, 320ರ ಉಜ್ಜು ಕಾಗದ ಹಿಡಿಯಬೇಕು. ತೊಳೆಯದೆ ತಿಕ್ಕಿದರೆ ಮೌಲ್ಡಿನ ವ್ಯಾಕ್ಸ್ ಗೀರುಗಳೊಳಗೆ ಸೇರಿ, ಬಣ್ಣ ಅಲ್ಲಲ್ಲಿ ಮೀನುಕಣ್ಣಿನಂತೆ ದುಂಡಗೆ ಬಿಟ್ಟುಕೊಳ್ಳುತ್ತದೆ. ಸೂಜಿತೂತುಗಳಿಗೆ ಪುಟ್ಟಿ, ಮೇಲೆ ಎಪಾಕ್ಸಿ ಪ್ರೈಮರ್. ತಿಕ್ಕುವಾಗ ಮಾಸ್ಕ್, ತುಂಬುತೋಳಿನ ಅಂಗಿ ಇರಲಿ. ಗಾಜಿನ ಪುಡಿ ಮೈಗೆ ಹತ್ತಿದರೆ ತಣ್ಣೀರಿನಲ್ಲಿ ತೊಳೆಯಿರಿ, ಬಟ್ಟೆಯಲ್ಲಿ ಉಜ್ಜಬೇಡಿ.